1882ರ ವಿದ್ಯಾ ಆಯೋಗವೂ ಲೋಕಾಭಿಪ್ರಾಯವೂ

ವಿದ್ಯಾಭ್ಯಾಸ ಕ್ರಮದಲ್ಲಿ ಸುಧಾರಣೆಯನ್ನು ತರಬಯಸುವ ಸರಕಾರಗಳು ಮೊದಲು ಪ್ರಜೆಗಳ ಅಭಿಪ್ರಾಯವನ್ನು ಕೇಳುವುದು ಇಂದು ರೂಢಿಯಾಗಿದೆ. ಇದು ಪ್ರಜಾಪ್ರಭುತ್ವದೊಡನೆ ಬಂದ ಹೊಸ ಪದ್ಧತಿಯೆಂದು ಅನೇಕರು ಭಾವಿಸುವುದುಂಟು. ಆದರೆ ಮತದಾನದ ಹಕ್ಕು ಬಹುಮಟ್ಟಿಗೆ ಕನಸಾಗಿದ್ದ ಕಾಲದಲ್ಲಿಯೇ, 1882ರಲ್ಲಿ, ಈ ದೇಶದಲ್ಲಿ ಅಂತಹ ವಿಚಾರಣೆಯೊಂದು ವಿಸ್ತಾರವಾಗಿ ನಡೆದಿದ್ದಿತು. ಅದು ಹಂಟರ್ ಆಯೋಗವೆಂದು ಪ್ರಸಿದ್ಧವಾಗಿದೆ. ಅದರ ಶಿಫಾರಸುಗಳನ್ನು ನಮ್ಮ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಲ್ಲಿ ಓದಿರುತ್ತಾರೆ. ಆದರೆ ಆಯೋಗವು ಯಾರನ್ನು ಏನು ಕೇಳಿತು, ಯಾರು ಏನು ಹೇಳಿದರು, ಹೇಳಿದ್ದರಲ್ಲಿ ಯಾವುದು ಉಳಿಯಿತು ಎಂಬ ವಿಷಯಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ. ಪ್ರಸ್ತುತ ಲೇಖನವು ಈ ವಿಷಯಕ್ಕೆ ಸೀಮಿತವಾದುದು.

ವೈಸರಾಯ್ ಲಾರ್ಡ್ ರಿಪನ್ನನ ಸರಕಾರವು 1882ನೆಯ ಇಸವಿ ಫೆಬ್ರವರಿ 3ರಂದು ಈ ಆಯೋಗವನ್ನು ನೇಮಿಸಿತು. 1854ರ ವಿದ್ಯಾ ನಿರೂಪದ ತತ್ತ್ವಗಳು ಎಷ್ಟರಮಟ್ಟಿಗೆ ಆಚರಣೆಗೆ ಬಂದಿವೆ ಎಂಬುದನ್ನು ಪರಿಶೀಲಿಸುವುದು ಅದರ ಕೆಲಸ. ಸರಕಾರವು ಆ ನಿರೂಪವನ್ನು ಮರೆತು ತನ್ನ ಶಾಲೆಗಳನ್ನೇ ಬೆಳೆಸುತ್ತಿದೆಯೆಂದು ಮಿಷನರಿಗಳು ಇಂಗ್ಲೆಂಡಿನಲ್ಲಿ ಹೂಡಿದ್ದ ಚಳವಳಿಯೂ ಈ ನೇಮಕಕ್ಕೆ ಒಂದು ಕಾರಣವಾಗಿದ್ದಿತು. ಅಧ್ಯಕ್ಷನಾದ ವಿಲಿಯಂ ವಿಲ್ಸನ್ ಹಂಟರನ ಜೊತೆಗೆ ಆನಂದಮೋಹನ ಬೋಸ್, ಭೂದೇವ ಮುಖರ್ಜಿ, ಕಾಶೀನಾಥ ತ್ರ್ಯಂಬಕ ತೆಲಂಗ್, ಮದರಾಸಿನ ವಿಲಿಯಂ ಮಿಲ್ಲರ್ ಮೊದಲಾದವರು ಸದಸ್ಯರಾಗಿದ್ದರು. ಆಯೋಗದ ಕಾರ್ಯದರ್ಶಿಯಾಗಿದ್ದವನು ಬಿ. ಎಲ್. ರೈಸ್. ಕನ್ನಡನಾಡಿನ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಈ ವಿದ್ವಾಂಸನು ಮೈಸೂರಿನ ವಿದ್ಯಾ ಇಲಾಖೆಯಲ್ಲಿದ್ದು, 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸಿದವನೂ ಹೌದು.

ವಿಚಾರಣೆಯ ಕ್ರಮ ಹೀಗಿದ್ದಿತು. ಒಂದೊಂದು ಪ್ರಾಂತಕ್ಕೂ ಒಂದು ಸಮಿತಿ ಏರ್ಪಟ್ಟಿತು. ಸುಮಾರು 70 ಪ್ರಶ್ನೆಗಳ ಮುದ್ರಿತ ಪ್ರಶ್ನಾವಳಿಯನ್ನು ಸಾಕ್ಷಿಗಳಿಗೆ ಒದಗಿಸಲಾಯಿತು. ಹಂಟರನು ಪ್ರಾಂತಗಳಲ್ಲಿ ಸಂಚರಿಸಿ ಸಾಕ್ಷ್ಯವನ್ನು ಪಡೆದನು. ಹತ್ತಿರ ಹತ್ತಿರ 200 ಮಂದಿ ಸಾಕ್ಷ್ಯ ನುಡಿದರು. 300ಕ್ಕೂ ಮಿಕ್ಕು ಮನವಿಗಳು ಬಂದವು. ವಾಯವ್ಯ ಪ್ರಾಂತ ಮತ್ತು ಪಂಜಾಬುಗಳಿಂದ ಹಿಂದಿಗೂ ನಾಗರೀ ಲಿಪಿಗೂ ಮನ್ನಣೆ ದೊರೆಯಬೇಕೆಂದು ಸಾವಿರಾರು ಸಹಿಗಳುಳ್ಳ ಮನವಿಗಳು ಬಂದವು. ಭಾರತೇಂದು ಹರಿಶ್ಚಂದ್ರನು ಇದೇ ಪಕ್ಷವನ್ನು ಎತ್ತಿ ಹಿಡಿದು ಸಾಕ್ಷ್ಯ ನೀಡಿದನು. ಪ್ರಜೆಗಳು ತಮ್ಮ ಭಾಷೆಯ ವಿಷಯದಲ್ಲಿ ಸರಕಾರದೆದುರು ಸಂಘಟಿತರಾಗಿ ನಿಲ್ಲಲು ಒಂದು ವಿದ್ಯಾ ಆಯೋಗವೇ ನಿಮಿತ್ತವಾದುದು ಗಮನಾರ್ಹವಾದ ಸಂಗತಿ.

ಪ್ರಶ್ನಾವಳಿಯನ್ನು ಸ್ವಲ್ಪ ಪರಿಶೀಲಿಸಬೇಕು. ವಿದ್ಯಾಭ್ಯಾಸದ ವಿಷಯದಲ್ಲಿ ಅಭಿಪ್ರಾಯ ತಳೆಯಲು ಸಾಕ್ಷಿಗೆ ಯಾವ ಅವಕಾಶಗಳಿದ್ದವು, ಅವನ ಅನುಭವ ಯಾವ ಪ್ರಾಂತದ್ದು ಎಂಬುದೇ ಮೊದಲನೆಯ ಪ್ರಶ್ನೆ. ಮುಂದೆ, ಪ್ರಾಥಮಿಕ ವಿದ್ಯೆಯಿಂದ ಯಾವ ವರ್ಗದವರಾದರೂ ವಸ್ತುತಃ ಹೊರಗುಳಿದಿದ್ದಾರೆಯೆ, ಅದಕ್ಕೆ ಕಾರಣವೇನು, ವಿದ್ಯೆ ಎಲ್ಲರಿಗೂ ಹಬ್ಬುವುದನ್ನು ಪ್ರಭಾವಶಾಲಿಗಳು ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆಗಳೂ ಇದ್ದವು. ಇವು ಒಳ್ಳೆಯ ಪ್ರಶ್ನೆಗಳೆಂಬುದರಲ್ಲಿ ಸಂದೇಹವಿಲ್ಲ. ಆಯೋಗವು ಕಣ್ಣು ಮುಚ್ಚಿಕೊಂಡಿತೆಂದು ದೂರುವುದು ನ್ಯಾಯವಲ್ಲ. ಆದರೆ ಹೊರಗುಳಿದವನ ವಿಷಯವನ್ನು ಒಳಗಿರುವವನಲ್ಲಿ ಕೇಳುವ ಏರ್ಪಾಡು ಇದಾಗಿದ್ದಿತು. ಸಾಕ್ಷಿಗಳಲ್ಲಿ ಬಹುಮಂದಿ ಅಧಿಕಾರಿಗಳು, ಮಿಷನರಿಗಳು, ಉಪಾಧ್ಯಾಯರು, ಇಂಗ್ಲಿಷು ಬಲ್ಲ ಪಟ್ಟಣವಾಸಿಗಳು. ಶಾಲೆಯ ಮುಖವನ್ನೇ ಕಾಣದ ರೈತನು ಮೊದಲನೆಯ ಪ್ರಶ್ನೆಯಲ್ಲಿಯೇ ಎಡವುತ್ತಿದ್ದನು.

ಈ ಹಿನ್ನೆಲೆಯಲ್ಲಿ ಎರಡು ಸಾಕ್ಷ್ಯಗಳು ವಿಶೇಷವಾಗಿ ಕಾಣುತ್ತವೆ. ಎರಡೂ ಮುಂಬಯಿ ಪ್ರಾಂತದ ಪುಣೆಯಿಂದ ಬಂದವು. ಧಾರವಾಡ, ಬೆಳಗಾವಿಗಳು ಅಂದು ಈ ಪ್ರಾಂತಕ್ಕೇ ಸೇರಿದ್ದುದರಿಂದ ಅಲ್ಲಿಯ ಕನ್ನಡ ಶಾಲೆಗಳ ಹಣೆಬರಹವೂ ಇದೇ ವಿಚಾರಣೆಗೆ ಒಳಪಟ್ಟಿದ್ದಿತು.

ಮೊದಲನೆಯದು ಜ್ಯೋತಿರಾವ್ ಫುಲೆಯವರು 1882ರ ಅಕ್ಟೋಬರ್ 19ರಂದು ಸಲ್ಲಿಸಿದ ಹೇಳಿಕೆ. ವ್ಯಾಪಾರಿ, ಒಕ್ಕಲಿಗ, ಪುಣೆಯ ಪುರಸಭಾ ಸದಸ್ಯ ಎಂದು ಅವರು ತಮ್ಮನ್ನು ಪರಿಚಯಿಸಿಕೊಂಡರು. 1848ರಷ್ಟು ಹಿಂದೆಯೇ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದ ಅವರಿಗೆ ಅನುಭವದ ಕೊರತೆಯಿರಲಿಲ್ಲ. ಪ್ರಶ್ನೆಗಳ ಕ್ರಮಾಂಕಕ್ಕೆ ಕಟ್ಟುಬೀಳದೆ, ಅವರು ಪ್ರಶ್ನಾವಳಿಯ ಹಿಂದಿದ್ದ ನಂಬಿಕೆಯನ್ನೇ ಪ್ರಶ್ನಿಸಿದರು. ಮೇಲಿನವರಿಗೆ ವಿದ್ಯೆ ಕೊಟ್ಟರೆ ಅದು ಕ್ರಮೇಣ ಕೆಳಗಿಳಿಯುತ್ತದೆ ಎಂಬುದು ಆ ನಂಬಿಕೆ. ಅದು ಇಳಿದಿಲ್ಲವೆಂದು ಫುಲೆಯವರು ತಿಳಿಸಿದರು. ಸರಕಾರದ ಆದಾಯದ ಬಹುಭಾಗ ರೈತನ ಬೆವರಿನಿಂದ ಬಂದುದು. ಅದರ ಫಲ ಮಾತ್ರ ಮೇಲ್ವರ್ಗದವರ ಉಚ್ಚ ವಿದ್ಯೆಗೆ ಸಲ್ಲುತ್ತಿದೆ ಎಂಬುದು ಅವರ ವಾದದ ತಿರುಳು. ಮುಂಬಯಿ ಪ್ರಾಂತದಲ್ಲಿ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ವಸೂಲಾಗಿ, ಅದರ ಮೂರನೆಯ ಒಂದು ಪಾಲು ಶಾಲೆಗಳಿಗೆ ಮೀಸಲಾಗಿದ್ದುದನ್ನು ನೆನೆದರೆ ಈ ವಾದದ ತೂಕ ತಿಳಿಯುತ್ತದೆ. ಹನ್ನೆರಡು ವರ್ಷ ವಯಸ್ಸಿನವರೆಗಾದರೂ ಪ್ರಾಥಮಿಕ ವಿದ್ಯೆಯನ್ನು ಒಂದು ಮಿತಿಯಲ್ಲಿ ಕಡ್ಡಾಯಗೊಳಿಸಬೇಕು, ಒಕ್ಕಲು ವರ್ಗಗಳಿಂದಲೂ ಉಪಾಧ್ಯಾಯರನ್ನು ಆರಿಸಬೇಕು, ಅವರಿಗೆ ತಿಂಗಳಿಗೆ 12 ರೂಪಾಯಿಗೆ ಕಡಮೆಯಿಲ್ಲದ ಸಂಬಳ ಕೊಡಬೇಕು, ಪಾಠಗಳಲ್ಲಿ ಬೇಸಾಯ ಮತ್ತು ಆರೋಗ್ಯದ ತಿಳಿವಳಿಕೆ ಸೇರಬೇಕು ಎಂದು ಅವರು ಬೇಡಿದರು.

ಎರಡನೆಯದು ಪಂಡಿತಾ ರಮಾಬಾಯಿಯವರ ಸಾಕ್ಷ್ಯ. ಇವರು 1858ರಲ್ಲಿ ಹುಟ್ಟಿದುದು ತುಂಗಭದ್ರೆಯರ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧವನ್ನು ಎದುರಿಸಿದ್ದ ಅನಂತಶಾಸ್ತ್ರಿಗಳ ಮಗಳು ಇವರು. ಹೆಣ್ಣುಮಕ್ಕಳ ಶಾಲೆಗಳಿಗೆ ಶಿಕ್ಷಕಿಯರೂ ತನಿಖಾಧಿಕಾರಿಣಿಯರೂ ಬೇಕು, ಸ್ತ್ರೀಯರು ವೈದ್ಯವಿದ್ಯೆ ಕಲಿಯಲು ಅವಕಾಶ ಬೇಕು ಎಂದು ಅವರು ಮರಾಠಿಯಲ್ಲಿ ಹೇಳಿದರು. ಅದನ್ನು ಇಂಗ್ಲಿಷಿಗೆ ಭಾಷಾಂತರಿಸಲಾಯಿತು. 1885ರಲ್ಲಿ ಸ್ತ್ರೀಯರ ವೈದ್ಯಕೀಯ ನೆರವಿಗಾಗಿ ಲೇಡಿ ಡಫರಿನ್ ನಿಧಿ ಸ್ಥಾಪಿತವಾಯಿತು. ಅದಕ್ಕೆ ಈ ಸಾಕ್ಷ್ಯವೊಂದೇ ಕಾರಣವೆನ್ನುವುದು ಅತ್ಯುಕ್ತಿಯಾದೀತು. ಆದರೆ ಆ ಬೇಡಿಕೆಯನ್ನು ಒಬ್ಬ ಹಿಂದೂ ಸ್ತ್ರೀಯೇ ಮುಂದಿಟ್ಟಿದ್ದಳೆಂಬುದು ದಾಖಲೆಯಲ್ಲಿ ಉಳಿಯಿತು.

ಆಯೋಗವು 1883ರಲ್ಲಿ ವರದಿಯನ್ನು ಒಪ್ಪಿಸಿತು. ಪ್ರಾಥಮಿಕ ವಿದ್ಯೆಯನ್ನು ಜಿಲ್ಲಾ ಮತ್ತು ಪುರಸಭಾ ಮಂಡಲಿಗಳಿಗೆ ವಹಿಸಬೇಕು, ಪ್ರೌಢಶಾಲೆ ಕಾಲೇಜುಗಳ ನೇರ ಆಡಳಿತದಿಂದ ಸರಕಾರ ಮೆಲ್ಲಮೆಲ್ಲನೆ ಹಿಂದೆಗೆದು ಸಹಾಯಧನದಿಂದ ಖಾಸಗಿ ಪ್ರಯತ್ನವನ್ನು ಪೋಷಿಸಬೇಕು ಎಂಬುವು ಅದರ ಮುಖ್ಯ ಸಲಹೆಗಳು. ಸ್ತ್ರೀಯರು, ಮುಸಲ್ಮಾನರು, ಹಿಂದುಳಿದ ಬುಡಕಟ್ಟಿನವರು ಇವರ ವಿಷಯದಲ್ಲಿ ವಿಶೇಷ ಸಲಹೆಗಳೂ ಇದ್ದವು. ಕಡ್ಡಾಯ ಶಿಕ್ಷಣವನ್ನು ಮಾತ್ರ ಅದು ಶಿಫಾರಸು ಮಾಡಲಿಲ್ಲ. ಆಯಾ ಪ್ರಾಂತದ ಸ್ಥಿತಿಗೆ ತಕ್ಕ ಶಾಸನದ ಮೂಲಕ ಪ್ರಾಥಮಿಕ ವಿದ್ಯೆಯನ್ನು ವಿಸ್ತರಿಸಬೇಕೆಂಬಷ್ಟಕ್ಕೆ ನಿಂತಿತು. ಬಡ ಮಂಡಲಿಗಳ ಕೈಗೆ ಶಾಲೆಗಳು ಬಂದವು. ಸಾಕಷ್ಟು ಹಣ ಬರಲಿಲ್ಲ.

ವಿಶ್ವವಿದ್ಯಾನಿಲಯಗಳ ಸಾಮಾನ್ಯ ಕಾರ್ಯವನ್ನು ಈ ಆಯೋಗದ ವ್ಯಾಪ್ತಿಯಿಂದ ಮೊದಲೇ ಹೊರಗಿಡಲಾಗಿದ್ದಿತು. ಅವುಗಳ ಸರದಿ ಬಂದಾಗ ನಡೆದ ರೀತಿಯೇ ಬೇರೆ. 1901ರಲ್ಲಿ ಲಾರ್ಡ್ ಕರ್ಜನ್ನನು ಸಿಮ್ಲೆಯಲ್ಲಿ ಕರೆದ ಶಿಕ್ಷಣ ಸಮ್ಮೇಳನ ಮುಚ್ಚಿದ ಬಾಗಿಲ ಹಿಂದೆ ನಡೆಯಿತು. ಒಬ್ಬ ಭಾರತೀಯನಿಗೂ ಆಹ್ವಾನವಿರಲಿಲ್ಲ. 1902ರ ವಿಶ್ವವಿದ್ಯಾನಿಲಯ ಆಯೋಗದಲ್ಲಿ ಗುರುದಾಸ ಬ್ಯಾನರ್ಜಿಯವರು ಭಿನ್ನಾಭಿಪ್ರಾಯವನ್ನು ಬರೆದಿಟ್ಟರೂ, 1904ರ ಶಾಸನವು ವಿಶ್ವವಿದ್ಯಾನಿಲಯಗಳ ಮೇಲೆ ಸರಕಾರದ ಹಿಡಿತವನ್ನು ಬಿಗಿಗೊಳಿಸಿತು. ವಿದ್ಯಾವಂತರು ಅದನ್ನು ಅಪನಂಬಿಕೆಯಿಂದಲೇ ಕಂಡರು. ಕೇಳಿ ಬಿಡುವುದಕ್ಕೂ ಕೇಳದೆಯೇ ಮಾಡುವುದಕ್ಕೂ ಇರುವ ಅಂತರ ಇದರಿಂದ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಆಡಿದ ಮಾತಾದರೂ ಅಚ್ಚಿನಲ್ಲಿ ಉಳಿಯುತ್ತದೆ.

ಹಾಗೆ ಉಳಿದ ಮಾತು ಮತ್ತೆ ಮತ್ತೆ ತಲೆಯೆತ್ತಿತು. 1911ರಲ್ಲಿ ಗೋಖಲೆಯವರು ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದನ್ನು ಅಭಿಪ್ರಾಯಕ್ಕಾಗಿ ಪ್ರಾಂತಗಳಿಗೆ ಕಳುಹಿಸಲಾಯಿತು. 1912ರಲ್ಲಿ 13ಕ್ಕೆ ಎದುರಾಗಿ 38 ಮತಗಳಿಂದ ಅದು ಬಿದ್ದುಹೋಯಿತು. ಆದರೆ ಮೈಸೂರು ಸಂಸ್ಥಾನವು 1913ರಲ್ಲಿಯೇ ಪ್ರಾಥಮಿಕ ವಿದ್ಯಾ ಶಾಸನವನ್ನು ಮಾಡಿ ಕಡ್ಡಾಯಕ್ಕೆ ದಾರಿ ತೆರೆಯಿತು. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಗಿ, 2009ರ ಅಧಿನಿಯಮವು 2010ರ ಏಪ್ರಿಲ್ 1ರಂದು ಜಾರಿಗೆ ಬಂದಿತು. ಪುಣೆಯ ಪುರಸಭಾ ಸದಸ್ಯನು ಕೇಳಿದ ವಸ್ತು ದೇಶದ ಮಕ್ಕಳ ಹಕ್ಕಾಗಲು ಸುಮಾರು 128 ವರ್ಷಗಳು ಹಿಡಿದವು. ಆ ನಡುವೆ ಶಾಲೆಯನ್ನು ಕಾಣದೆ ಕಳೆದುಹೋದ ತಲೆಮಾರುಗಳನ್ನು ಯಾವ ವರದಿಯೂ ಲೆಕ್ಕ ಹಾಕಿಲ್ಲ.

ಈ ಇತಿಹಾಸದಿಂದ ಎರಡು ವಿಚಾರಗಳು ಹೊರಡುತ್ತವೆ. ಪ್ರಶ್ನೆಯನ್ನು ರಚಿಸುವವನು ಉತ್ತರದ ಅರ್ಧವನ್ನು ಆಗಲೇ ಬರೆದಿರುತ್ತಾನೆಂಬುದು ಒಂದು. 2019ರ ಮೇ 31ರಂದು ರಾಷ್ಟ್ರೀಯ ಶಿಕ್ಷಣ ನೀತಿಯ ಕರಡು ಪ್ರಕಟವಾದಾಗ ಅದು ಮೊದಲು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ ದೊರೆಯಿತು. ಹಳ್ಳಿಯ ಕನ್ನಡ ಶಾಲೆಯ ಪೋಷಕನು ಆ ಗ್ರಂಥಕ್ಕೆ ಹೇಗೆ ಉತ್ತರ ಬರೆಯಬೇಕಾಗಿದ್ದಿತೆಂಬುದು 1882ರದೇ ಸಮಸ್ಯೆ. ಆದರೂ ಹಿಂದಿಯನ್ನು ಕುರಿತ ವಾಕ್ಯಗಳಿಗೆ ದಕ್ಷಿಣದಿಂದ ಪ್ರತಿಭಟನೆ ಬಂದಾಗ ಕೆಲವೇ ದಿನಗಳಲ್ಲಿ ಅವನ್ನು ತಿದ್ದಲಾಯಿತೆಂಬುದನ್ನೂ ಮರೆಯಬಾರದು. ತಿರಸ್ಕೃತವಾದ ಉತ್ತರವೂ ವ್ಯರ್ಥವಲ್ಲವೆಂಬುದು ಇನ್ನೊಂದು. ಫುಲೆಯವರು ಸಲಹೆ ಸ್ವೀಕಾರವಾಗುವುದೆಂದು ಖಾತ್ರಿಯಾದ ಮೇಲೆ ಬರೆಯಲಿಲ್ಲ. ಕೇಳಿದ್ದರೆಂದು ಬರೆದರು, ಕೇಳದಿದ್ದುದನ್ನೂ ಬರೆದರು.

ಆದುದರಿಂದ ಇತಿಹಾಸದ ವಿದ್ಯಾರ್ಥಿಯು ಆಯೋಗಗಳ ವರದಿಗಳ ಕಡೆಯ ಅಧ್ಯಾಯವನ್ನು ಓದಿ ಪುಸ್ತಕವನ್ನು ಮುಚ್ಚಬಾರದು. ಅನುಬಂಧವಾಗಿ ಅಚ್ಚಾದ ಸಾಕ್ಷ್ಯ ಸಂಪುಟಗಳನ್ನೂ ಓದಬೇಕು. ಹಾಗೆಯೇ, ಅಭಿಪ್ರಾಯ ಕೋರುವ ಪತ್ರ ನಮ್ಮ ಕಾಲೇಜಿಗೆ ಬಂದಾಗ ಉಪಾಧ್ಯಾಯರಾದ ನಾವು ಅದನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುವುದು ಉಚಿತವಲ್ಲ. ಇಂದು ನಾವು ಬರೆಯದೆ ಬಿಟ್ಟುದನ್ನು ನಾಳಿನ ಇತಿಹಾಸಕಾರನು ಹುಡುಕಿದರೂ ದೊರೆಯಲಾರದು.