ಪರಿಕರ್ಮವೂ ಉಕ್ತಿಯೂ: ಮಾನ್ಯಖೇಟದಿಂದ ಗಣಕಯಂತ್ರದವರೆಗೆ

೧

ಆಳಂದ ಸೀಮೆಯ ನೀರನ್ನು ಹೊತ್ತು ಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿಯಲ್ಲಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯೇ ಮುಂದೆ ಜೇವರ್ಗಿಯ ನೆಲವನ್ನು ತೋಯಿಸುತ್ತ ಸಾಗಿ, ಇನ್ನೂ ಕೆಳಗೆ ಕಾಗಿಣಾ ನದಿಯನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಕಾಗಿಣೆಯ ದಂಡೆಯ ಮೇಲಣ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವೆಂಬುದು ವಾಚಕರೆಲ್ಲರಿಗೂ ತಿಳಿದ ಸಂಗತಿಯೇ ಸರಿ. ನೃಪತುಂಗನೆಂದು ಹೆಸರಾದ ಅಮೋಘವರ್ಷನನ್ನು ನೆನೆದಾಗ ಕವಿರಾಜಮಾರ್ಗವನ್ನು ನೆನೆಯದ ಕನ್ನಡಿಗನಿಲ್ಲ. ಆದರೆ ಅದೇ ಅರಸನ ಆಳಿಕೆಯನ್ನು ಗ್ರಂಥಾರಂಭದಲ್ಲಿ ಕೊಂಡಾಡಿ ಬರೆದ ಇನ್ನೊಂದು ಕೃತಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದು ಕ್ರಿ.ಶ. ೮೫೦ರ ಸುಮಾರಿನಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹವು.

ಇಂದು ಈ ಮೂರು ತಾಲೂಕುಗಳ ಹುಡುಗನೋ ಹುಡುಗಿಯೋ ಗಣಕಯಂತ್ರಕ್ಕೆ ಆದೇಶ ಬರೆಯುವ ವಿದ್ಯೆಯನ್ನು ಕಲಿಯಲು ಕುಳಿತರೆ ಮೊದಲನೆಯ ದಿನಗಳಲ್ಲಿಯೇ ಎರಡು ಮಾತುಗಳು ಎದುರಾಗುತ್ತವೆ: ಆಪರೇಟರ್, ಎಕ್ಸ್‌ಪ್ರೆಷನ್. ಎಣಿಕೆಗಳ ಮೇಲೆ ನಡೆಯತಕ್ಕ ಕೆಲಸವನ್ನು ಸೂಚಿಸುವ ಚಿಹ್ನೆಯು ಮೊದಲನೆಯದು. ಎಣಿಕೆಗಳೂ ಚಿಹ್ನೆಗಳೂ ಕೂಡಿ ಒಂದು ಬೆಲೆಯನ್ನು ಕೊಡುವ ವಾಕ್ಯವು ಎರಡನೆಯದು. ಕನ್ನಡ ಶಾಲೆಯಿಂದ ಬಂದ ಮಗುವಿಗೆ ಈ ಹೆಸರುಗಳು ಗಾಬರಿಯನ್ನು ಹುಟ್ಟಿಸುತ್ತವೆ. ಇದು ದೂರದ ದೇಶದವರ ವಿದ್ಯೆ, ಇಂಗ್ಲಿಷು ಬಲ್ಲವರ ಸೊತ್ತು ಎಂದು ಅದು ಮನಸ್ಸಿನಲ್ಲಿಯೇ ಹಿಂಜರಿಯುತ್ತದೆ. ಹೆಸರು ಹೊಸದಾದರೂ ಅದರ ಹಿಂದಣ ವಿಚಾರವು ನಮ್ಮ ನೆಲಕ್ಕೆ ಹೊಸದಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶವು.

೨

ಮಹಾವೀರನು ಸಂಜ್ಞಾಪ್ರಕರಣದಲ್ಲಿ ಪರಿಭಾಷೆಯನ್ನು ಹೇಳಿ ಮುಗಿಸಿದೊಡನೆ ಪರಿಕರ್ಮಗಳಿಗೆ ಬರುತ್ತಾನೆ. ಪರಿಕರ್ಮವೆಂದರೆ ಎಣಿಕೆಯ ಮೇಲೆ ನಡೆಯಿಸುವ ಸಂಸ್ಕಾರ. ಅವನ ಮತದಂತೆ ಇವು ಎಂಟು: ಗುಣಾಕಾರ, ಭಾಗಾಹಾರ, ವರ್ಗ, ವರ್ಗಮೂಲ, ಘನ, ಘನಮೂಲ, ಚಿತಿ, ವ್ಯುತ್ಕಲಿತ. ಚಿತಿಯೆಂಬುದು ಶ್ರೇಢಿಯ ಮೊತ್ತ. ವ್ಯುತ್ಕಲಿತವೆಂಬುದು ಶ್ರೇಢಿಯಲ್ಲಿ ಕಳೆದುಳಿದ ಭಾಗ. ಸಾಮಾನ್ಯವಾದ ಕೂಡುವುದು ಕಳೆಯುವುದು ಈ ಎಂಟರಲ್ಲಿ ಇಲ್ಲ. ಓದುಗನಿಗೆ ಅವು ಮೊದಲೇ ಬಂದಿರಬೇಕೆಂದು ಅವನು ಭಾವಿಸಿದಂತೆ ತೋರುತ್ತದೆ. ಇಂದಿನ ಆಪರೇಟರಿಗೆ ಪರಿಕರ್ಮಚಿಹ್ನೆ ಎಂದರೆ ಸಾಕು, ಅರ್ಥವು ತಾನೇ ಬೆಳಗುತ್ತದೆ. ಎಕ್ಸ್‌ಪ್ರೆಷನ್ನಿಗೂ ನಮ್ಮ ಪಾಠಪುಸ್ತಕಗಳ ಬೀಜೋಕ್ತಿ ಎಂಬ ಪದದಿಂದ 'ಉಕ್ತಿ'ಯನ್ನು ಎತ್ತಿಕೊಳ್ಳಬಹುದು.

ಆದರೆ ಉಕ್ತಿಯ ವಿಚಾರವು ಅವನ ಗ್ರಂಥದಲ್ಲಿ ನಿಜವಾಗಿ ಅರಳುವುದು ಭಿನ್ನಗಳ ಪ್ರಕರಣವಾದ ಕಲಾಸವರ್ಣದಲ್ಲಿ. ಅಲ್ಲಿ ಭಿನ್ನಗಳನ್ನು ಅವುಗಳಲ್ಲಿ ಅಡಗಿದ ಪರಿಕರ್ಮವನ್ನು ನೋಡಿ ಜಾತಿಗಳಾಗಿ ವಿಂಗಡಿಸಿದ್ದಾನೆ. ಭಿನ್ನಗಳನ್ನು ಬರಿದೆ ಕೂಡುವುದು ಕಳೆಯುವುದು ಭಾಗಜಾತಿ. ಮೂರನೆಯ ಒಂದು ಪಾಲಿನ ಅರ್ಧ ಎಂಬಂಥ ಭಿನ್ನದ ಭಿನ್ನವು ಪ್ರಭಾಗ. ಭಿನ್ನದಿಂದ ಭಾಗಿಸುವುದು ಭಾಗಭಾಗ. ಪೂರ್ಣಕ್ಕೆ ಭಿನ್ನವು ಸೇರಿಕೊಂಡರೆ ಭಾಗಾನುಬಂಧ. ಅದರಿಂದ ಕಳೆದರೆ ಭಾಗಾಪವಾಹ. ಇವು ಐದೂ ಬಿಡಿಬಿಡಿಯಾದ ಉಕ್ತಿಗಳು. ಇವುಗಳಲ್ಲಿ ಎರಡೋ ಹೆಚ್ಚೋ ಒಂದರೊಡನೊಂದು ಬೆರೆತರೆ ಅದು ಭಾಗಮಾತೃ ಎಂಬ ಆರನೆಯ ಜಾತಿ. ಅದರ ಪ್ರಭೇದಗಳು ೨೬ ಎಂದು ಅವನು ಹೇಳಿದ್ದಾನೆ. ಲೆಕ್ಕ ಹಾಕಿ ನೋಡಿರಿ: ಐದರಲ್ಲಿ ಎರಡೆರಡನ್ನು ಆರಿಸುವ ಬಗೆ ೧೦, ಮೂರುಮೂರನ್ನು ೧೦, ನಾಲ್ಕುನಾಲ್ಕನ್ನು ೫, ಐದನ್ನೂ ಕೂಡಿ ೧; ಒಟ್ಟು ೨೬. ಸರಳವಾದ ಉಕ್ತಿಗಳಿಂದ ಸಂಕೀರ್ಣವಾದ ಉಕ್ತಿಗಳನ್ನು ಕಟ್ಟಬಹುದು, ಅವು ಎಷ್ಟು ಬಗೆಯೆಂಬುದನ್ನೂ ಎಣಿಸಬಹುದು ಎಂಬ ತಿಳಿವಳಿಕೆಯು ಅಂದೇ ಇದ್ದುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೩

ಅಂದಿಗೂ ಇಂದಿಗೂ ಇರುವ ದೊಡ್ಡ ಅಂತರವು ಬರೆಯುವ ಬಗೆಯಲ್ಲಿ. ಮಹಾವೀರನು ಸೂತ್ರಗಳನ್ನು ಶ್ಲೋಕಗಳಲ್ಲಿ ಬರೆದನು. ಯುತ, ಊನ, ಗುಣಿತ, ಹೃತ ಎಂಬ ಮಾತುಗಳೇ ಅಲ್ಲಿ ಚಿಹ್ನೆಗಳು. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದನ್ನು ಸಮಾಸವೂ ವಿಭಕ್ತಿಯೂ ತಿಳಿಸುತ್ತಿದ್ದವು. ನಾವು ಇಂದು ಬರೆಯುವ ಚಿಹ್ನೆಗಳು ಬಹಳ ಈಚಿನವು. ಕೂಡುವ ಕಳೆಯುವ ಗುರುತುಗಳು ಜರ್ಮನಿಯಲ್ಲಿ ೧೪೮೯ರಲ್ಲಿ ವಿಡ್ಮನ್ನನ ಪುಸ್ತಕದಲ್ಲಿ ಅಚ್ಚಾದವು. ಸಮಚಿಹ್ನೆಯನ್ನು ೧೫೫೭ರಲ್ಲಿ ರೆಕಾರ್ಡನೂ, ಗುಣಾಕಾರದ ಓರೆಗೆರೆಗಳನ್ನು ೧೬೩೧ರಲ್ಲಿ ಔಟ್ರೆಡ್ಡನೂ ಬಳಕೆಗೆ ತಂದರು. ೧೯೫೭ರಲ್ಲಿ ಫೋರ್ಟ್ರಾನ್ ಎಂಬ ಯಂತ್ರಭಾಷೆಯು ಬಂದಾಗ ಗುಣಾಕಾರಕ್ಕೆ ನಕ್ಷತ್ರದ ಗುರುತು (*) ನಿಂತಿತು. ಅದೇ ಇಂದಿಗೂ ನಡೆದುಬಂದಿದೆ.

ಚಿಹ್ನೆಗಳು ಚಿಕ್ಕವಾದಷ್ಟೂ ಕ್ರಮದ ಎಚ್ಚರವು ಹೆಚ್ಚು ಬೇಕಾಗುತ್ತದೆ. ಒಬ್ಬ ರೈತನ ಮನೆಯಲ್ಲಿ ೨೦ ಕಿಲೋ ಬಿಡಿ ತೊಗರಿಯೂ, ೫೦ ಕಿಲೋ ಹಿಡಿಯುವ ೩ ಚೀಲ ತೊಗರಿಯೂ ಇವೆ ಎಂದುಕೊಳ್ಳಿರಿ. ಉಕ್ತಿಯನ್ನು ೨೦ + ೩ * ೫೦ ಎಂದು ಬರೆದರೆ ಯಂತ್ರವು ಗುಣಾಕಾರವನ್ನು ಮೊದಲು ನಡೆಯಿಸಿ ೧೭೦ ಎನ್ನುತ್ತದೆ. ಎಡದಿಂದ ಓದಿಕೊಂಡು ಹೋಗುವ ಎಳೆಯ ವಿದ್ಯಾರ್ಥಿಯು ಮೊದಲು ಕೂಡಿ, ಆಮೇಲೆ ಗುಣಿಸಿ, ೧೧೫೦ ಎನ್ನುತ್ತಾನೆ. ಇಲ್ಲದ ೯೮೦ ಕಿಲೋ ತೊಗರಿಯು ಕಾಗದದ ಮೇಲೆ ಹುಟ್ಟಿಬಿಟ್ಟಿತು! ಆವರಣವು ಮೊದಲು, ಆಮೇಲೆ ಘಾತ, ಆಮೇಲೆ ಗುಣಾಕಾರ ಭಾಗಾಕಾರಗಳು, ಕಡೆಗೆ ಕೂಡುವುದು ಕಳೆಯುವುದು ಎಂಬ ಕಟ್ಟಳೆಯು ಈ ಅನರ್ಥವನ್ನು ತಪ್ಪಿಸುವುದಕ್ಕಾಗಿಯೇ ಇರುತ್ತದೆ.

ಮಹಾವೀರನ ಒಂದು ಲೆಕ್ಕವನ್ನೇ ತೆಗೆದುಕೊಂಡರೆ ಇದು ಇನ್ನೂ ಸ್ಪಷ್ಟವಾಗುವುದು. ಕಾಡಿನಲ್ಲಿ ೬೩ ಸಮಾನವಾದ ಬಾಳೆಹಣ್ಣಿನ ರಾಶಿಗಳು, ಮೇಲೆ ೭ ಬಿಡಿ ಹಣ್ಣು. ೨೩ ಮಂದಿ ದಾರಿಗರು ಅವನ್ನು ಸಮನಾಗಿ ಹಂಚಿಕೊಂಡರು, ಏನೂ ಉಳಿಯಲಿಲ್ಲ. ಹಾಗಾದರೆ ಒಂದು ರಾಶಿಯಲ್ಲಿ ಎಷ್ಟು ಹಣ್ಣು? ಇದನ್ನು ಬಿಡಿಸಲು ಅವನು ಬಳ್ಳಿಯಂತೆ ಇಳಿಯುವ ಎಣಿಕೆಗಳ ಸಾಲನ್ನು ಕಟ್ಟಿಕೊಡುತ್ತಾನೆ; ವಲ್ಲಿಕಾಕುಟ್ಟೀಕಾರವೆಂದು ಅದರ ಹೆಸರು. ಇಂದಿನ ಪೈಥಾನ್ ಭಾಷೆಯಲ್ಲಿ ಪ್ರಶ್ನೆಯೆಲ್ಲವೂ ಒಂದೇ ಉಕ್ತಿಯಲ್ಲಿ ಅಡಗುತ್ತದೆ:

(೬೩ * ಹಣ್ಣು + ೭) % ೨೩ == ೦

ಇಲ್ಲಿ % ಎಂಬುದು ಶೇಷವನ್ನು ಕೊಡುವ ಪರಿಕರ್ಮ. ಎರಡು ಸಮಚಿಹ್ನೆಗಳು 'ಸಮವೋ ಅಲ್ಲವೋ' ಎಂದು ಕೇಳುವ ಪರಿಕರ್ಮ. ೨೦೦೮ರಲ್ಲಿ ಹೊರಬಂದ ಮೂರನೆಯ ಆವೃತ್ತಿಯಿಂದ ಪೈಥಾನಿನಲ್ಲಿ 'ಹಣ್ಣು' ಎಂಬಂಥ ಕನ್ನಡದ ಹೆಸರನ್ನೇ ಚರಕ್ಕೆ ಇಡಬಹುದಾಗಿದೆ. ಅಂಕಿಗಳನ್ನು ಮಾತ್ರ ಇಂಗ್ಲಿಷು ರೂಪದಲ್ಲಿ ಬರೆಯಬೇಕು. ಹಣ್ಣು ೧ ಎಂದರೆ ಶೇಷವು ೧; ೨ ಎಂದರೆ ೧೮; ೩ ಎಂದರೆ ೧೨; ೪ ಎಂದರೆ ೬; ೫ ಎಂದೊಡನೆ ಶೇಷವು ೦. ರಾಶಿಗೆ ಐದು ಹಣ್ಣು, ಒಟ್ಟು ೩೨೨, ತಲೆಗೆ ೧೪. ಈಗ ಆವರಣವನ್ನು ಅಳಿಸಿ ನೋಡಿರಿ. ಶೇಷದ ಪರಿಕರ್ಮಕ್ಕೆ ಗುಣಾಕಾರದಷ್ಟೇ ಹಿರಿತನವಿರುವುದರಿಂದ ಅದು ೭ಕ್ಕೆ ಮಾತ್ರ ತಗಲುತ್ತದೆ. ಏಳನ್ನು ಇಪ್ಪತ್ತಮೂರರಿಂದ ಭಾಗಿಸಿದರೆ ಶೇಷವು ಏಳೇ. ಅಲ್ಲಿಗೆ ಪ್ರಶ್ನೆಯು '೬೩ ಹಣ್ಣುರಾಶಿಗೆ ಏಳು ಕೂಡಿದರೆ ಸೊನ್ನೆಯೋ?' ಎಂದಾಯಿತು. ಯಂತ್ರವು ಹಗಲಿರುಳು ಹುಡುಕಿದರೂ ಅಂಥ ರಾಶಿಯು ಸಿಕ್ಕದು. ಎರಡು ಕಂಸಗಳ ಲೋಪದಿಂದ ದಾರಿಗರು ಹಸಿದೇ ಉಳಿದರು.

೪

ಹಾಗೆಂದು ಎಲ್ಲವೂ ನಮ್ಮ ಹಳೆಯ ಗ್ರಂಥದಲ್ಲಿ ಸರಿಯಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಋಣಸಂಖ್ಯೆಯು ಸ್ವಭಾವದಿಂದ ವರ್ಗವಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರನು ನಿಶ್ಚಯವಾಗಿ ನುಡಿದನು. ಇಂದಿಗೂ ಸಾಮಾನ್ಯ ಎಣಿಕೆಗಳ ಕ್ಷೇತ್ರದಲ್ಲಿ ಆ ಮಾತು ನಿಲ್ಲುತ್ತದೆ. ಆದರೆ ಸೊನ್ನೆಯಿಂದ ಭಾಗಿಸಿದ ಎಣಿಕೆಯು ಮಾರ್ಪಡದೆ ಹಾಗೆಯೇ ಉಳಿಯುತ್ತದೆಂದು ಅವನು ಹೇಳಿದ್ದು ಸರಿಯಲ್ಲ. ೧೧೫೦ರ ಲೀಲಾವತಿಯ ಕರ್ತನಾದ ಭಾಸ್ಕರಾಚಾರ್ಯನು ಅಂಥ ರಾಶಿಯನ್ನು ಖಹರವೆಂದು ಕರೆದು ಅನಂತವೆಂದು ಬಗೆದನು. ಪೈಥಾನಿನಲ್ಲಿ ಸೊನ್ನೆಯಿಂದ ಭಾಗಿಸಹೋದರೆ ಯಂತ್ರವು ಕೆಲಸವನ್ನೇ ನಿಲ್ಲಿಸಿ ದೋಷವೆಂದು ಕೂಗುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಐದನ್ನು ಸೊನ್ನೆಯಿಂದ ಭಾಗಿಸಿದರೆ ಅನಂತವೆಂಬ ಉತ್ತರವು ಬರುತ್ತದೆ. ಹಿರಿಯರಲ್ಲಿ ಇದ್ದ ಮತಭೇದವು ಯಂತ್ರಗಳಲ್ಲಿಯೂ ಉಳಿದಿದೆಯೆನ್ನಬಹುದು.

ಇನ್ನೊಂದೆಡೆ ಯಂತ್ರವೇ ಎಡವುತ್ತದೆ. ೦.೧ಕ್ಕೆ ೦.೨ನ್ನು ಕೂಡೆಂದರೆ ಪೈಥಾನು ಕೊಡುವ ಉತ್ತರವು ೦.೩೦೦೦೦೦೦೦೦೦೦೦೦೦೦೦೪. ಯಂತ್ರವು ಎಣಿಸುವುದು ಎರಡರ ಮಾನದಲ್ಲಿ. ಹತ್ತನೆಯ ಒಂದು ಪಾಲು ಆ ಮಾನದಲ್ಲಿ ಎಂದಿಗೂ ಮುಗಿಯದ ಭಿನ್ನ. ಮಹಾವೀರನಾದರೋ ಛೇದಗಳ ಲಘುತಮ ಅಪವರ್ತ್ಯವನ್ನು ನಿರುದ್ಧವೆಂದು ಹೆಸರಿಸಿ, ಅದರ ಮೂಲಕ ಭಿನ್ನಗಳನ್ನು ಒಂದಿಷ್ಟೂ ಸವೆಯದಂತೆ ಕೂಡುವ ದಾರಿಯನ್ನು ತೋರಿಸಿದನು. ಭಿನ್ನವನ್ನು ಭಿನ್ನವಾಗಿಯೇ ಉಳಿಸಿಕೊಳ್ಳುವ ಸಲಕರಣೆಯು ಪೈಥಾನಿನಲ್ಲಿಯೂ ಉಂಟು. ಅದು ನಡೆಯುವುದು ಈ ಹಳೆಯ ದಾರಿಯಲ್ಲಿಯೇ.

೫

ನಮ್ಮ ಸೀಮೆಯಲ್ಲಿ ಈ ಪರಿಕರ್ಮಗಳ ಹೆಸರುಗಳು ಒಂದೇ ಸಲ ಬದಲಾದವುಗಳಲ್ಲ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವನ್ನು ಬರೆದು ಲೆಕ್ಕವನ್ನು ಕನ್ನಡಕ್ಕೆ ತಂದನು. ಅದಕ್ಕೂ ಮುಂಚೆ, ಹನ್ನೊಂದನೆಯ ಶತಮಾನದಲ್ಲಿಯೇ, ಪಾವುಲೂರಿ ಮಲ್ಲನನು ಮಹಾವೀರನ ಗ್ರಂಥವನ್ನು ತೆಲುಗಿಗೆ ಇಳಿಸಿದ್ದನು. ಮುಂದೆ ನಿಜಾಮರ ಕಾಲದಲ್ಲಿ ಗುಲಬರ್ಗಾ ಜಿಲ್ಲೆಯ ಮೇಲ್ತರಗತಿಗಳ ಪಾಠವು ಉರ್ದುವಿನಲ್ಲಿ ನಡೆಯಿತು. ಮನೆಯಲ್ಲಿ ಎರಡೊಂದಲೆ ಎರಡು ಎಂದು ಮಗ್ಗಿ ಹೇಳಿದ ಮಗುವೇ ಶಾಲೆಯಲ್ಲಿ ಜಮಾ, ತಫ್ರೀಕ್, ಜರ್ಬ್, ತಕ್ಸೀಮ್ ಎಂದು ಕಲಿಯಬೇಕಾಯಿತು. ೧೯೪೮ರ ವಿಲೀನದ ತರುವಾಯ, ೧೯೫೬ರ ಏಕೀಕರಣದ ತರುವಾಯ ಕನ್ನಡದ ಸಂಕಲನ ವ್ಯವಕಲನಗಳು ಬಂದವು. ಈಗ ಇಂಗ್ಲಿಷಿನ ಸರದಿ. ಹೆಸರು ಮಾರ್ಪಟ್ಟಾಗಲೆಲ್ಲ ಒಂದು ತಲೆಮಾರಿನ ಮಕ್ಕಳು ವಿಚಾರವನ್ನು ಬಿಟ್ಟು ಮಾತಿನೊಡನೆ ಹೋರಾಡಬೇಕಾಯಿತು. ಈ ನಷ್ಟವನ್ನು ಯಾವ ಬಖೈರಿನಲ್ಲಿಯೂ ಬರೆದಿಡಲಿಲ್ಲ.

ಆದರೂ ಜನರು ಬಂದ ಮಾತುಗಳನ್ನು ತಮ್ಮದಾಗಿಸಿಕೊಂಡರು. ಜಮಾ, ವಜಾ, ಬಾಕಿ ಎಂಬವು ಇಂದು ಅಂಗಡಿಯ ಕನ್ನಡವೇ ಆಗಿವೆ. ಕಿರ್ದಿ ಪುಸ್ತಕವನ್ನು ಬಲ್ಲವನಿಗೆ ಯಂತ್ರಭಾಷೆಯ ಅತ್ಯಂತ ಕಠಿಣವೆನಿಸುವ ಮಾತು ಕೂಡ ಸುಲಭ. ಬಾಕಿ = ಬಾಕಿ + ೧೦೦ ಎಂಬುದನ್ನು ಬೀಜಗಣಿತ ಕಲಿತವನು ಕಂಡರೆ ಬೆಚ್ಚುತ್ತಾನೆ; ಒಂದು ರಾಶಿಯು ತನಗಿಂತ ನೂರು ಹೆಚ್ಚಾದ ರಾಶಿಗೆ ಸಮವಾಗುವುದೆಂತು? ಅಂಗಡಿಯವನು ಬೆಚ್ಚುವುದಿಲ್ಲ. ನಿನ್ನೆಯ ಬಾಕಿಗೆ ಇಂದಿನ ನೂರನ್ನು ಕೂಡಿ ಹೊಸ ಬಾಕಿಯೆಂದು ಬರೆದುಕೊಳ್ಳುವುದು ಅವನ ದಿನದಿನದ ಕೆಲಸ. ಒಂದು ಸಮಚಿಹ್ನೆಯು 'ಬರೆದುಕೋ' ಎಂಬ ಆಜ್ಞೆ. ಎರಡು ಸಮಚಿಹ್ನೆಗಳು 'ಸಮವೇ?' ಎಂಬ ಪ್ರಶ್ನೆ. ಈ ಭೇದವನ್ನು ಅರಿತ ಹುಡುಗನು ಮೊದಲ ತಿಂಗಳ ಅರ್ಧ ತೊಡಕುಗಳನ್ನು ದಾಟಿದಂತೆಯೇ.

೬

೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಸಿದೆ. ಉನ್ನತವಿದ್ಯೆಯು ಮನೆಯ ಬಾಗಿಲಿಗೆ ಬಂದಿದೆಯೆಂಬುದು ಸಂತೋಷದ ಮಾತು. ಆದರೆ ಬಾಗಿಲನ್ನು ದಾಟತಕ್ಕವರು ನಮ್ಮ ಹಳ್ಳಿಯ ಕನ್ನಡ ಶಾಲೆಯ ಮಕ್ಕಳೂ ಆಗಬೇಕಾದರೆ ಮೊದಲ ಪಾಠವು ಅವರ ಮಾತಿನಲ್ಲಿ ನಡೆಯಬೇಕು. ಇಂಗ್ಲಿಷನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಯಂತ್ರದ ಆಜ್ಞಾಪದಗಳು ಇಂಗ್ಲಿಷಿನವೇ, ಅವನ್ನು ಕಲಿಯಲೇಬೇಕು. ಪರಿಕರ್ಮವೇನು, ಉಕ್ತಿಯೇನು, ಕ್ರಮವೇಕೆ ಎಂಬುದನ್ನು ಮಾತ್ರ ಮೊದಲು ಕನ್ನಡದಲ್ಲಿ ತಿಳಿದುಕೊಂಡು ಆಮೇಲೆ ಆ ಪದಗಳಿಗೆ ಹೋಗಲಿ.

ಗಣಿತಸಾರಸಂಗ್ರಹವನ್ನು ೧೯೧೨ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷು ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಪಡಿಸಿದರು. ೨೦೦೦ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಮೂರು ತಾಲೂಕುಗಳ ಒಂದೊಂದು ಪ್ರೌಢಶಾಲೆಯಲ್ಲಿಯೂ ಈ ಗ್ರಂಥದ ಒಂದು ಪ್ರತಿಯಿದ್ದು, ಗಣಕಯಂತ್ರದ ಮೊದಲ ಪಾಠವು ಅರವತ್ತುಮೂರು ರಾಶಿ ಬಾಳೆಹಣ್ಣುಗಳಿಂದ ಆರಂಭವಾದರೆ ಅದಕ್ಕೆ ತಗಲುವ ವೆಚ್ಚವು ಅಲ್ಪ. ರಾಶಿಗೆ ಎಷ್ಟೆಂದು ಮಕ್ಕಳು ತಾವೇ ಕಂಡುಹಿಡಿಯಲಿ. ಕಂಸವನ್ನು ಅಳಿಸಿ ಏನಾಗುವುದೆಂದೂ ತಾವೇ ನೋಡಲಿ. ಕಾಗಿಣೆಯ ನೀರು ಕುಡಿದ ನಾಡಿನ ಮಕ್ಕಳಿಗೆ ಆ ಲೆಕ್ಕವು ಪರಕೀಯವಾಗಿ ತೋರಲಾರದು.