ಮುಳ್ಳು ನೆಲದ ನಡಿಗೆ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ದನಗಾಹಿಗಳು, ಕುರಿಗಾಹಿಗಳು

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ದನ, ಕುರಿ ಮೇಯಿಸಿಕೊಂಡು ಬಂದವರು ಎಳೆತನದಿಂದ ಮುಪ್ಪಿನ ತನಕ ನಡೆದೇ ಬದುಕಿದವರು. ಚಿತ್ರದುರ್ಗ ಜಿಲ್ಲೆಯ ಈ ಎರಡು ತಾಲ್ಲೂಕುಗಳು ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ನೆಲ. ವರ್ಷಕ್ಕೆ 500 ಮಿ.ಮೀ. ಮಳೆ ಬಂದರೆ ಅದೇ ದೊಡ್ಡದು. ಒಂದೇ ಜಾಗದಲ್ಲಿ ಹಿಂಡಿಗೆ ಸಾಕಾಗುವಷ್ಟು ಮೇವು ಎಂದೂ ಸಿಗುವುದಿಲ್ಲ. ಹಾಗಾಗಿ ಹಿಂಡು ನಡೆಯಬೇಕು, ಅದರ ಹಿಂದೆ ಕಾಯುವವನೂ ನಡೆಯಬೇಕು. ಕಾಲಿಗೆ ಮುಳ್ಳು ನೆಟ್ಟರೂ ಪಾದ ಉಳುಕಿದರೂ ದನಕ್ಕೆ ಹಸಿವು ತಪ್ಪುವುದಿಲ್ಲವಲ್ಲ.

ಇಲ್ಲಿ ಜನವಸತಿಯೂ ಪಶುಪಾಲನೆಯೂ ಬಹಳ ಹಳೆಯವು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆ ಬೆಳಕಿಗೆ ಬಂತು. ಅದಕ್ಕೂ ಮೊದಲು, 1892ರಲ್ಲಿ, ಬಿ. ಎಲ್. ರೈಸ್ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದ್ದರು. ಮೂರೂ ಒಂದಕ್ಕೊಂದು ಕೆಲವೇ ಕಿಲೋಮೀಟರ್ ದೂರದಲ್ಲಿವೆ. ಸುವರ್ಣಗಿರಿ ಎಂಬಲ್ಲಿಂದ ಇಸಿಲ ಎಂಬಲ್ಲಿನ ಅಧಿಕಾರಿಗಳಿಗೆ ಬಂದ ಈ ಶಾಸನಗಳ ಆಜ್ಞೆಯಲ್ಲಿ 256 ಎಂಬ ಸಂಖ್ಯೆ ಇದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಎನ್ನುವುದು ಹಲವು ವಿದ್ವಾಂಸರ ಅಭಿಪ್ರಾಯ. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು ಎಂಬ ಉಪದೇಶವೂ ಆ ಆಜ್ಞೆಯಲ್ಲಿದೆ.

ಮೇವಿನ ನೆಲಕ್ಕೆ ಕಾವಲು ಎಂಬ ವ್ಯವಸ್ಥೆ ಗಟ್ಟಿಯಾದದ್ದು ಮೈಸೂರು ಅರಸರ ಕಾಲದಲ್ಲಿ. ಚಿಕ್ಕದೇವರಾಜ ಒಡೆಯರ (1673–1704) ಆಳ್ವಿಕೆಯಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿ ಅರಮನೆಯ ದನಗಳ ಇಲಾಖೆ ನಡೆಯುತ್ತಿತ್ತು. ಹೈದರಾಲಿ ಅದನ್ನು ಸೇನೆಯ ಫಿರಂಗಿ, ಸಾಮಾನು ಎಳೆಯುವುದಕ್ಕೆ ಬೆಳೆಸಿದ. ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಚಿದಂಬರಂ ಕಡೆಗೆ ಹೈದರನ ಸೈನ್ಯ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರ್ ದಾಖಲಿಸಿದೆ. ಬ್ರಿಟಿಷರು 1860ರಲ್ಲಿ ಇಲಾಖೆಯನ್ನು ಮುಚ್ಚಿ, ತಪ್ಪು ಅರಿವಾಗಿ 1866ರಲ್ಲಿ ಮತ್ತೆ ಕಟ್ಟಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈ ಸೇರಿತು. ಚಳ್ಳಕೆರೆ ತಾಲ್ಲೂಕಿನ ಖುದಾಪುರ, ವರವು, ದೊಡ್ಡ ಉಳ್ಳಾರ್ತಿ ಕಾವಲುಗಳು ಇದೇ ಪರಂಪರೆಯ ಹುಲ್ಲುಗಾವಲುಗಳು. ಸರ್ಕಾರಿ ದನಗಳ ಜತೆಗೆ ಸುತ್ತಲಿನ ಹಟ್ಟಿಗಳ ದನ, ಕುರಿ, ಆಡುಗಳೂ ಅಲ್ಲೇ ಮೇಯುತ್ತಿದ್ದವು.

ಈ ಹಟ್ಟಿಗಳಲ್ಲಿ ಮುಖ್ಯವಾದವು ಮ್ಯಾಸನಾಯಕರವು ಮತ್ತು ಕಾಡುಗೊಲ್ಲರವು. ಮ್ಯಾಸನಾಯಕರು ಕಟ್ಟೆಮನೆಗಳೆಂಬ ಬುಡಕಟ್ಟು ಘಟಕಗಳ ಲೆಕ್ಕದಲ್ಲಿ ಸೇರುವವರು. ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ ಅಂಥ ಒಂದು ಕಟ್ಟೆಮನೆ. ಗಾದ್ರಿಪಾಲನಾಯಕನಂಥ ಪಶುಪಾಲಕ ವೀರರು ಅವರ ದೈವ. ಆ ದೈವಗಳ ಹೆಸರಿನಲ್ಲಿ ಬಿಟ್ಟ ದೇವರ ಎತ್ತುಗಳನ್ನು ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ಇವುಗಳನ್ನು ಕಾಯುವವರೇ ಕಿಲಾರಿಗಳು. ಕಿಲಾರಿತನವನ್ನು ದೇವರ ಸೇವೆ ಎಂದು ಒಪ್ಪಿಕೊಂಡವರು ಅದನ್ನು ಸುಲಭವಾಗಿ ಬಿಡುವುದಿಲ್ಲ. ಬರಗಾಲ ಬಂದರೆ ಊರೂರು ತಿರುಗಿ ಮೇವು ಕೂಡಿಸುವ ಹೊಣೆಯೂ ಅವರದೇ.

ದಿನದ ನಡಿಗೆ ಹಂಚಿಕೆಯಾಗುತ್ತಿದ್ದದ್ದು ಕಾಲಿನ ಶಕ್ತಿ ನೋಡಿ. ಪ್ರಾಯದವರು ದೊಡ್ಡ ಹಿಂಡನ್ನು ದೂರದ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ವಯಸ್ಸಾದವರು ಹಟ್ಟಿಯ ಹತ್ತಿರದ ಬಯಲಿನಲ್ಲಿ ಕರು, ಮರಿ, ಈದ ಹಸುಗಳನ್ನು ನೋಡಿಕೊಳ್ಳುತ್ತಿದ್ದರು. ಕಾಲು ಕುಂಟುವ ಪ್ರಾಯದವನೂ ವಾಸಿಯಾಗುವ ತನಕ ಈ ಗುಂಪಿಗೇ ಸೇರಿಕೊಳ್ಳುತ್ತಿದ್ದ. ಮನೆಯಲ್ಲಿ ಕೂತುಬಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ. ದಾರಿ ಗಿಡ್ಡವಾಗುತ್ತಿತ್ತು ಅಷ್ಟೆ. ಯಾವ ಬುಡಕಟ್ಟಿನ ಕಟ್ಟಳೆಯಲ್ಲೂ ಬರೆದಿಡದ ಈ ಹೊಂದಿಕೆ ಬಹಳ ವಿವೇಕದ್ದು.

ಗಾಯಗಳು ಹೆಚ್ಚಾಗಿ ಪಾದದವು. ಕರಿಜಾಲಿ, ಬಾರೆ, ಕಾರೆ, ನೆಲಕ್ಕಂಟಿದ ನೆಗ್ಗಿಲು, ಕಳೆದ ಶತಮಾನದಲ್ಲಿ ಹಬ್ಬಿದ ಬಳ್ಳಾರಿ ಜಾಲಿ – ಮುಳ್ಳಿಗೆ ಇಲ್ಲಿ ಬರವಿಲ್ಲ. ಬಳ್ಳಾರಿ ಜಾಲಿಯ ಮುಳ್ಳು ಟೈರಿನ ಚಪ್ಪಲಿಯನ್ನೂ ತೂರಿ ಬರುತ್ತದೆ. ಆದ್ದರಿಂದ ಹೆಗಲ ಮೇಲಿನ ಕಂಬಳಿ, ಕೈಯ ಕೋಲು, ಬುತ್ತಿಯ ಗಂಟಿನಷ್ಟೇ ಮುಖ್ಯವಾದದ್ದು ಉಡಿದಾರಕ್ಕೆ ಕಟ್ಟಿಕೊಂಡ ಚಿಮಟ. ಮುಳ್ಳು ನೆಟ್ಟಾಗ ಕಲ್ಲಿನ ಮೇಲೆ ಕೂತು, ಪಾದವನ್ನು ಎದುರು ತೊಡೆಯ ಮೇಲಿಟ್ಟು, ಎಂಜಲು ಹಚ್ಚಿ ಒರೆಸಿ, ಮುಳ್ಳಿನ ಕಪ್ಪು ತುದಿ ಕಾಣುವಂತೆ ಸುತ್ತಲಿನ ಚರ್ಮ ಬಿಡಿಸಿ, ಚಿಮಟದಿಂದ ನೇರಕ್ಕೆ ಎಳೆಯುತ್ತಾರೆ. ಅಡ್ಡ ಎಳೆದರೆ ಮುರಿಯುತ್ತದೆ. ಮುರಿದು ಒಳಗೇ ಉಳಿದರೆ ಎಕ್ಕದ ಹಾಲು ಬಿಡುವುದು ರೂಢಿ. ಒಂದೆರಡು ದಿನದಲ್ಲಿ ಮುಳ್ಳು ಮೇಲಕ್ಕೆ ಬರುತ್ತದೆ ಎಂಬ ನಂಬಿಕೆ. ಆ ಹಾಲು ಕಣ್ಣಿಗೆ ತಾಗಿದರೆ ಅಪಾಯವೆಂಬುದನ್ನೂ ಹಿರಿಯರು ಹೇಳುತ್ತಾರೆ. ಮುಳ್ಳು ಒಳಗೇ ಉಳಿದ ಜಾಗ ಗಟ್ಟಿಯಾಗಿ ಆಣಿ ಕಟ್ಟಿದರೆ ವರ್ಷಗಟ್ಟಲೆ ಕಾಡುತ್ತದೆ. ಉಳುಕಿದ ಪಾದಕ್ಕೆ ಹುಣಸೆಹಣ್ಣು, ಉಪ್ಪು ಕಾಸಿದ ಪಟ್ಟು. ಒಡೆದ ಹಿಮ್ಮಡಿಗೆ ಬೇವಿನ ಎಣ್ಣೆ, ಹೊಂಗೆ ಎಣ್ಣೆ.

ಈ ಮದ್ದುಗಳಿಗೆ ಮಿತಿ ಇದೆ. ಮುಳ್ಳಿನ ಗಾಯದಿಂದ ಧನುರ್ವಾಯು ಬರುವುದನ್ನು ತಡೆಯುವುದು ಚುಚ್ಚುಮದ್ದು ಮಾತ್ರ. ಸಕ್ಕರೆ ಕಾಯಿಲೆ ಇರುವ ಹಿರಿಯರಲ್ಲಿ ಪಾದದ ಸಣ್ಣ ಗಾಯವೂ ಕೊಳೆತು ಕಾಲಿಗೇ ಕುತ್ತು ತರಬಹುದು. ನಡಿಗೆ ಹಂಚಿಕೊಂಡ ರೀತಿಯನ್ನು ಮಾತ್ರ ಇಂದಿನ ವೈದ್ಯಶಾಸ್ತ್ರ ಒಪ್ಪುತ್ತದೆ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಹಾಸಿಗೆ ಹಿಡಿದರೆ ಈ ಸವೆತ ಹೆಚ್ಚುತ್ತದೆ. ವಯಸ್ಸಾದ ಓಟಗಾರರಿಗೆ ಸಣ್ಣಪುಟ್ಟ ನೋವು ಬಂದಾಗ ಕ್ರೀಡಾ ವೈದ್ಯರು ಹೇಳುವುದೂ ಇಷ್ಟೇ: ದೂರ ಕಡಿಮೆ ಮಾಡಿ, ವೇಗ ತಗ್ಗಿಸಿ, ನೋವು ಇಳಿದಂತೆ ಮೆಲ್ಲಗೆ ಹೆಚ್ಚಿಸಿ, ಪೂರ್ತಿ ನಿಲ್ಲಿಸಬೇಡಿ.

ಮುಳ್ಳಿನೊಂದಿಗೆ ಈ ಜನರ ಒಡನಾಟ ಆರಾಧನೆಯಲ್ಲೂ ಉಳಿದಿದೆ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತೇದೇವರ ಜಾತ್ರೆಯಲ್ಲಿ ಬಾರೆ ಮುಳ್ಳಿನ ಕಂಟಿಗಳಿಂದಲೇ ಎತ್ತರದ ಗುಡಿ ಕಟ್ಟುತ್ತಾರೆ. ನೇಮದಲ್ಲಿದ್ದವರು ಬರಿಗಾಲಲ್ಲಿ ಮುಳ್ಳು ತುಳಿದು ಮೇಲೇರಿ ತುದಿಯ ಕಳಸ ಕೀಳುತ್ತಾರೆ. ನಿಷ್ಠೆ ಇದ್ದವರಿಗೆ ಮುಳ್ಳು ತಾಗದು ಎಂಬುದು ಭಕ್ತರ ನಂಬಿಕೆ. ಮುಳ್ಳಿನ ಬೇಲಿಯೊಳಗೆ ಹಿಂಡು ಕೂಡಿ ಕಾಪಾಡಿದ ಜನ ಮುಳ್ಳಿನಲ್ಲೇ ದೇವರಿಗೆ ಮನೆ ಕಟ್ಟಿದ್ದು ಸಹಜವಾಗಿಯೇ ಇದೆ.

ಕುರಿಗಾಹಿಗಳ ನಡಿಗೆ ಇನ್ನೂ ಉದ್ದದ್ದು. ಮಳೆಗಾಲ ಕಳೆದು ಮೇವು ಒಣಗಿದಾಗ ಕುರುಬರು, ಗೊಲ್ಲರು ಮಂದೆ ಕಟ್ಟಿಕೊಂಡು ನೀರಾವರಿ ಸೀಮೆಯತ್ತ ಹೊರಡುತ್ತಿದ್ದರು. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಮಂದೆ ನಿಲ್ಲಿಸಿದರೆ ಗೊಬ್ಬರಕ್ಕೆ ಪ್ರತಿಯಾಗಿ ರೈತರಿಂದ ಕಾಳು ಅಥವಾ ಹಣ ಸಿಗುತ್ತಿತ್ತು. ಮುಂಗಾರಿಗೆ ವಾಪಸು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಇಂಥ ಮಂದೆಗಳಿಂದ. ದೂರ ಹೋಗಲಾಗದ ಹಿರಿಯರು ಹಟ್ಟಿಯಲ್ಲಿ ಉಳಿದು ಎಳೆಮರಿ ಕಾಯುತ್ತ ನೂಲು ತೆಗೆಯುತ್ತಿದ್ದರು. ಈಗ ಎಷ್ಟೋ ಮಂದೆಗಳು ಲಾರಿಯಲ್ಲಿ ಹೋಗುತ್ತವೆ.

2007ರ ನಂತರದ ಕೆಲವೇ ವರ್ಷಗಳಲ್ಲಿ ಮೇಲೆ ಹೇಳಿದ ಚಳ್ಳಕೆರೆಯ ಕಾವಲುಗಳ ಸುಮಾರು 10,000 ಎಕರೆ ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ ಮೊದಲಾದ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಹಟ್ಟಿಯವರು ವಿರೋಧಿಸಿದರು, ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೂ ಬಂತು. 2017ರಲ್ಲಿ ಆ ನೆಲದಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಇಳಿಸಿ ನೋಡಿದ್ದು ಅಲ್ಲೇ. ದೇಶಕ್ಕೆ ಈ ಸಂಸ್ಥೆಗಳಿಂದ ಪ್ರಯೋಜನವಿದೆ. ಆದರೆ ಗೋಡೆ ಎದ್ದ ಮೇಲೆ ಹಿಂಡು ಸುತ್ತಿ ಹೋಗಬೇಕಾಗಿದೆ, ಆ ಸುತ್ತು ಪ್ರಾಯದವರಿಗೆ ಸಾಧ್ಯ, ಹಿರಿಯರಿಗೆ ಕಷ್ಟ. ಕುಂಟುತ್ತಲೇ ನಡೆಯಬಹುದಾಗಿದ್ದ ಹತ್ತಿರದ ಬಯಲನ್ನೇ ಅವರು ಕಳೆದುಕೊಂಡಿದ್ದಾರೆ. ಹಟ್ಟಿಗಳ ಮಗ್ಗುಲಲ್ಲಿ ಇನ್ನೂ ಉಳಿದಿರುವ ಗೋಮಾಳ, ಕಾವಲುಗಳನ್ನು ಅಳೆದು, ಗಡಿ ಗುರುತಿಸಿ, ಒತ್ತುವರಿಯಾಗದಂತೆ ಮೇವಿಗೇ ಮೀಸಲಿಡುವ ಕೆಲಸವನ್ನು ತಾಲ್ಲೂಕು ಆಡಳಿತವೂ ಗ್ರಾಮ ಪಂಚಾಯಿತಿಗಳೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.