ಕಡೇ ಬಸ್ಸಿನ ಪ್ರೇಕ್ಷಕರು

ಬೆಂಗಳೂರಿನಲ್ಲಿ ನಮ್ಮಮ್ಮ ಕೇಳಿದ ಸಂಗೀತ ಕಚೇರಿಗಳು ಒಟ್ಟು ಮೂರು. ಮೂರರಲ್ಲೂ ಅರ್ಧಕ್ಕೇ ಎದ್ದು ಬಂದವಳು ಅವಳು. ಹಾಡುಗಾರಿಕೆ ಹಿಡಿಸದೆ ಅಲ್ಲ, ನಿದ್ದೆ ಬಂದೂ ಅಲ್ಲ. ಮೆಜೆಸ್ಟಿಕ್‌ನಿಂದ ನಮ್ಮ ಕಡೆಗೆ ಹೊರಡುವ ಕಡೇ ಬಸ್ಸು ಎಲ್ಲಿ ತಪ್ಪಿಹೋಗುತ್ತದೋ ಎಂಬ ದಿಗಿಲಿನಿಂದ.

ನಮ್ಮೂರು ಸಾದಲಿ, ಶಿಡ್ಲಘಟ್ಟ ತಾಲ್ಲೂಕು. ಆಗ ನಾವು ಕೋಲಾರ ಜಿಲ್ಲೆಯವರು. 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯವರಾದೆವು. ನಮ್ಮದು ರೇಷ್ಮೆ ಸಾಕುವ ಮನೆ. ಅಂಥ ಮನೆಯ ಹೆಂಗಸಿಗೆ ಬೇರೆ ಗಡಿಯಾರ ಬೇಕಿಲ್ಲ, ಹುಳುವೇ ಗಡಿಯಾರ. ಅದು ನಾಲ್ಕನೇ ಜ್ವರ ಎದ್ದಮೇಲೆ ಹಗಲು ರಾತ್ರಿಯೆನ್ನದೆ ಸೊಪ್ಪು ಕೇಳುತ್ತದೆ. ಚಂದ್ರಿಕೆಗೆ ಬಿಡುವತನಕ ಮನೆಯವರಿಗೆ ಸರಿಯಾದ ಊಟವಿಲ್ಲ, ನಿದ್ದೆಯಿಲ್ಲ.

1986ರ ರಾಮನವಮಿಯ ಸಮಯ. ಅಮ್ಮನ ಕಣ್ಣು ತೋರಿಸಲೆಂದು ನಾನೂ ಅವಳೂ ಬೆಂಗಳೂರಿಗೆ ಹೋಗಿದ್ದೆವು. ನಾಲ್ಕು ಗಂಟೆಗೆ ಕೆಲಸ ಮುಗಿಯಿತು. ಚಾಮರಾಜಪೇಟೆಯಲ್ಲಿದ್ದ ದೊಡ್ಡಮ್ಮನ ಮನೆಗೆ ಕಾಫಿಗೆಂದು ಹೋದೆವು. ಅಲ್ಲಿಗೆ ಸಮೀಪದ ಕೋಟೆ ಹೈಸ್ಕೂಲಿನ ಮೈದಾನದಲ್ಲಿ ರಾಮೋತ್ಸವದ ಕಚೇರಿ.

"ಬಂದದ್ದು ಬಂದಿದ್ದೀಯ, ಕೂತು ಕೇಳು. ರಾತ್ರಿ ಇಲ್ಲೇ ಇದ್ದು ಬೆಳಿಗ್ಗೆ ಹೋದರಾಯ್ತು" ಎಂದರು ದೊಡ್ಡಮ್ಮ.

"ಹುಳ ನಾಲ್ಕನೇ ಜ್ವರ ಎದ್ದಿದೆ ಅಕ್ಕಾ. ಅವರೊಬ್ಬರೇ ಸೊಪ್ಪು ಹಾಕ್ತಿದ್ದಾರೆ. ಬೆಳಗಾಗೋ ಹೊತ್ತಿಗೆ ನಾನು ಅಲ್ಲಿರಬೇಕು" ಎಂದಳು ಅಮ್ಮ. ಆದರೂ ಒಂದು ಗಂಟೆ ಕೂತಳು. ಹಾಡುವವರು ಸಣ್ಣಪುಟ್ಟ ಕೃತಿಗಳನ್ನು ಮುಗಿಸಿ, ದೊಡ್ಡ ರಾಗವೊಂದನ್ನು ಆಗಷ್ಟೇ ಕೈಗೆತ್ತಿಕೊಂಡಿದ್ದರು. ಅಮ್ಮ ನನ್ನ ಕೈಗಡಿಯಾರ ನೋಡಿದಳು, ಸೆರಗು ಸರಿಮಾಡಿಕೊಂಡಳು, ಎದ್ದಳು. ಅವತ್ತು ಶಿಡ್ಲಘಟ್ಟದ ಸೋದರಮಾವನ ಮನೆಯಲ್ಲಿ ಮಲಗಿ, ಬೆಳಗಿನ ಮೊದಲ ಬಸ್ಸಿಗೆ ಊರು ಸೇರಿದೆವು. ದಾರಿಯಲ್ಲಿ ಬಸ್ಸು ದೇವನಹಳ್ಳಿ ದಾಟಿದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: "ಆಮೇಲೆ ಏನು ಹಾಡಿರ್ತಾರೆ?"

ನಾನು ಚರಿತ್ರೆ ಪಾಠ ಹೇಳುವವಳು. ಆ ಪ್ರಶ್ನೆ ನನ್ನನ್ನು ಚರಿತ್ರೆಯ ಕಡೆಗೇ ಎಳೆಯಿತು. ದೊಡ್ಡ ಪಟ್ಟಣಕ್ಕೆ ಬಂದ ಪರಸ್ಥಳದವರು ಒಂದು ಸಂಜೆ ಆಟಪಾಟ ನೋಡಿ ಹೋಗುವುದು ಇಂದಿನ ಸಂಗತಿಯಲ್ಲ. ಹಾಗಾದರೆ ಹಿಂದೆ ಬಂದವರು ಹೇಗೆ ನೋಡುತ್ತಿದ್ದರು? ಅವರಿಗೆ ಕಡೇ ಬಸ್ಸಿನ ಕಾಟ ಇರಲಿಲ್ಲವೆ?

ಇರಲಿಲ್ಲ. ಏಕೆಂದರೆ ಆಟ ಬೆಳತನಕ ನಡೆಯುತ್ತಿತ್ತು. ನಮ್ಮ ಕಡೆಯ ಕೇಳಿಕೆಯನ್ನೇ ನೋಡಿ. ರಾತ್ರಿ ಊಟವಾದ ಮೇಲೆ ಶುರು, ಕೋಳಿ ಕೂಗಿದ ಮೇಲೆ ಮಂಗಳ. ಅಷ್ಟುದ್ದ ಏಕೆ ಎಂದು ಚಿಕ್ಕಂದಿನಲ್ಲಿ ನನಗೆ ಸೋಜಿಗವಾಗುತ್ತಿತ್ತು. ಈಗ ಅನ್ನಿಸುವುದು ಇದು: ಸುತ್ತಲ ಹಳ್ಳಿಗಳಿಂದ ನಡೆದು, ಗಾಡಿ ಕಟ್ಟಿಕೊಂಡು ಬಂದವರನ್ನು ನಡುರಾತ್ರಿ ಕತ್ತಲೆಗೆ ನೂಕುವಂತಿಲ್ಲ. ಮಕ್ಕಳನ್ನು ಚಾಪೆಯ ಮೇಲೆ ಮಲಗಿಸಿಕೊಂಡು ನೋಡುವ ಹೆಂಗಸರು ಬೆಳಕು ಹರಿದ ಮೇಲೆ ಧೈರ್ಯವಾಗಿ ಊರಿಗೆ ಹೋಗಬಹುದು. ಬೆಳತನಕದ ಆಟವೆಂದರೆ ಬಂದವರಿಗೆ ಮಾಡುವ ಒಂದು ಉಪಚಾರವೂ ಹೌದು. ಕೈವಾರದಲ್ಲಿ ತಾತಯ್ಯನವರ ಸನ್ನಿಧಿಯ ಗುರುಪೂರ್ಣಿಮೆಗೆ ಹಗಲೂ ರಾತ್ರಿ ಸಂಗೀತ ನಡೆಯುವಾಗ ಯಾರೂ ಗಡಿಯಾರ ನೋಡುವುದಿಲ್ಲ. ನಿದ್ದೆ ಬಂದವರು ಅಲ್ಲೇ ಒರಗುತ್ತಾರೆ, ಎಚ್ಚರವಾದಾಗ ಮತ್ತೆ ಕೇಳುತ್ತಾರೆ.

ಬೆಂಗಳೂರೂ ಹಾಗೆಯೇ ಇತ್ತು. ಚೈತ್ರ ಹುಣ್ಣಿಮೆಯ ಕರಗಕ್ಕೆ ಸುತ್ತಲ ಊರುಗಳವರು ಸಂಜೆಯೇ ಬಂದು ತಿಗಳರಪೇಟೆಯಲ್ಲಿ ಜಾಗ ಹಿಡಿಯುತ್ತಾರೆ. ಧರ್ಮರಾಯನ ಗುಡಿಯಿಂದ ಕರಗ ಹೊರಡುವುದೇ ನಡುರಾತ್ರಿ ಕಳೆದಮೇಲೆ. ಹೆಣ್ಣಿನ ಅಲಂಕಾರದಲ್ಲಿ ಪೂಜಾರಿ ದ್ರೌಪದಿಯ ಕರಗವನ್ನು ತಲೆಯ ಮೇಲೆ ಹೊತ್ತು, ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಗುಡಿಗೆ ಮರಳುವ ಹೊತ್ತಿಗೆ ಬೆಳಕಾಗಿರುತ್ತದೆ. ಬೆಳಗಿನ ಮೊದಲ ಬಸ್ಸು ಕಾದಿರುತ್ತದೆ. ಕಾರ್ತೀಕದ ಕಡೇ ಸೋಮವಾರದ ಬಸವನಗುಡಿ ಕಡಲೆಕಾಯಿ ಪರಿಷೆಯೂ ಹೊರಗಿನಿಂದ ಬಂದ ರೈತರದೇ ಪರಿಷೆ. ಟಿಕೆಟ್ಟಿಲ್ಲ, ಬಾಗಿಲಿಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ.

ಆಟವಿಲ್ಲದ ದಿನ ಬಂದವರಿಗೆ ಛತ್ರಗಳಿದ್ದವು. ರೈಲ್ವೆ ನಿಲ್ದಾಣದೆದುರಿನ ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಉದ್ಘಾಟನೆಯಾಯಿತು. ವ್ಯಾಪಾರದಲ್ಲಿ ಗಳಿಸಿದ ಹಣವನ್ನು ಆ ಪುಣ್ಯಾತ್ಮರು ಪರಸ್ಥಳದವರು ತಲೆಯೂರಲೆಂದು ಇಟ್ಟರು. ರಾತ್ರಿ ತಂಗಲು ನೆಲೆಯಿದ್ದವನಿಗೆ ನಾಟಕ ತಾನೇ ದಕ್ಕುತ್ತದೆ. ಕಂಪನಿ ನಾಟಕಗಳೂ ರಾತ್ರಿ ಬಹು ಹೊತ್ತಿನವರೆಗೆ ನಡೆಯುತ್ತಿದ್ದವು. ಗುಬ್ಬಿ ವೀರಣ್ಣನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳು ಬಂದವೆಂಬುದನ್ನು ನಮ್ಮ ಅಜ್ಜಿಯರ ತಲೆಮಾರು ಕಣ್ಣರಳಿಸಿ ಹೇಳುತ್ತಿತ್ತು. ಡೇರೆಯಲ್ಲಿ ಹೆಂಗಸರಿಗೆ ಬೇರೆ ಜಾಗ. ರಂಗದ ಮೇಲೂ ಹೆಣ್ಣಿನ ಪಾತ್ರಕ್ಕೆ ಬಹುಕಾಲ ಗಂಡಸರೇ. ಬಿ. ಜಯಮ್ಮನಂಥವರು ಬಂದು ಆ ಕಟ್ಟು ಮುರಿದರು. 1958ರಲ್ಲಿ ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಮೀಸೆ ಹಚ್ಚಿಕೊಂಡು ಕಂಸನಾದರು. ಹೆಣ್ಣು ರಂಗಕ್ಕೆ ಬಂದ ಕಥೆಯನ್ನು ಬರೆದವರಿದ್ದಾರೆ. ಅವಳು ಪ್ರೇಕ್ಷಕಳಾಗಿ ಬಂದು, ನೋಡಿ, ಮನೆ ಸೇರಿದ ಕಥೆಯನ್ನು ಬರೆದವರು ಕಡಿಮೆ.

ಈ ಬೆಳತನಕದ ಆಟ ಎರಡು ಗಂಟೆಯ ಆಟವಾದದ್ದು ಹೇಗೆ? ದೀಪ ಬಂದದ್ದು ಒಂದು ಕಾರಣವೆಂದುಕೊಂಡಿದ್ದೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ನಮ್ಮ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆದರೆ ದೀಪ ರಾತ್ರಿಯನ್ನು ಉದ್ದ ಮಾಡಬೇಕೇ ಹೊರತು ಮೊಟಕು ಮಾಡಬಾರದು. ಮೊಟಕು ಮಾಡಿದ್ದು ಕಚೇರಿಯ ಹಾಜರಿ ಪುಸ್ತಕ. ಬೆಳಿಗ್ಗೆ ಹತ್ತಕ್ಕೆ ಸಹಿ ಹಾಕಬೇಕಾದವರು, ಮಿಲ್ಲಿನ, ಕಾರ್ಖಾನೆಯ ಪಾಳಿಗೆ ಹೋಗಬೇಕಾದವರು ಬೆಳತನಕ ಕೂರುವಂತಿಲ್ಲ. ನಾಟಕ ಆಡುವವರೂ ಅವರೇ ಆದರು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಹೆಸರೇ ಹೇಳುವಂತೆ ಹವ್ಯಾಸಿಗಳದು. ಕೈಲಾಸಂ ಬಂದರು, ಹಾಡಿಲ್ಲದ, ಆನೆಯಿಲ್ಲದ, ಒಂದು ಮನೆಯ ನಡುಮನೆಯಲ್ಲೇ ನಡೆದು ಮುಗಿಯುವ ನಾಟಕ ಬರೆದರು. ಊರವರಿಗೆ ಅದು ಅನುಕೂಲವೇ ಆಯಿತು. ಆಫೀಸಿನಿಂದ ಬಂದು, ಕಾಫಿ ಕುಡಿದು, ನಾಟಕ ನೋಡಿ, ಮನೆಗೆ ಬಂದು ಸಾರನ್ನ ಉಂಡು ಮಲಗಬಹುದು.

ಮುಂದೆ ಕಟ್ಟಿದ ಭವನಗಳೆಲ್ಲ ಈ ಸಂಜೆಗಾಗಿಯೇ ಕಟ್ಟಿದವು. 1935ರಲ್ಲಿ ಪುಟ್ಟಣ್ಣಚೆಟ್ಟಿ ಪುರಭವನ. ಠಾಕೂರರ ಜನ್ಮ ಶತಮಾನೋತ್ಸವದ ನೆನಪಿಗೆ ರವೀಂದ್ರ ಕಲಾಕ್ಷೇತ್ರ, 1963ರಲ್ಲಿ. 1980ರಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ, ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ಹೆಸರಿನಲ್ಲಿ. 2004ರಲ್ಲಿ ಜೆ.ಪಿ. ನಗರದಲ್ಲಿ ಶಂಕರ್‌ನಾಗ್ ನೆನಪಿನ ರಂಗಶಂಕರ. ಒಂದೊಂದೂ ಹೆಮ್ಮೆಪಡುವಂಥದೇ. 1972ರಲ್ಲಿ ಬಿ.ವಿ. ಕಾರಂತರು ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿದಾಗ ಹಳ್ಳಿಯ ಬಯಲಾಟದ ಕುಣಿತ, ಹಾಡು, ಮೇಳ ಎಲ್ಲವೂ ಪಟ್ಟಣಕ್ಕೆ ಬಂದವು. ಬರದೆ ಉಳಿದದ್ದು ಒಂದೇ, ಬಯಲಾಟದ ಬೆಳಗು. ಹಳ್ಳಿಯ ಆಟ ಬೆಂಗಳೂರಿಗೆ ಹೋಯಿತು, ಹಳ್ಳಿಯವಳು ಮಾತ್ರ ಎಂಟೂವರೆಗೆ ಎದ್ದು ಬರಬೇಕಾಯಿತು.

ರಾಮೋತ್ಸವದ ಕಥೆ ಸ್ವಲ್ಪ ಬೇರೆ. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥ ಮಹಾ ಕಲಾವಿದರು ಅಲ್ಲಿ ಹಾಡಿದ್ದಾರೆ. ಚಪ್ಪರದೊಳಗೆ ಟಿಕೆಟ್ಟಿದ್ದರೂ ಹೊರಗೆ ರಸ್ತೆಯ ಬದಿಯಲ್ಲಿ ಕೂತು ಕೇಳಿದವರಿಗೆ ಲೆಕ್ಕವಿಲ್ಲ. ಹೂವು ಕಟ್ಟುತ್ತ, ಮಗುವಿಗೆ ಹಾಲೂಡಿಸುತ್ತ ಕೇಳಿದ ಹೆಂಗಸರ ಆಸನ ಆ ಕಲ್ಲುಚಪ್ಪಡಿ. ಅವರಿಗೆ ಹಣದ ಬಾಗಿಲು ತೆರೆದೇ ಇತ್ತು. ಹೊತ್ತಿನ ಬಾಗಿಲು ಮಾತ್ರ ಅಷ್ಟು ಸುಲಭದ್ದಲ್ಲ.

ಹಾಗಾದರೆ ಊರಿನಿಂದ ಬಂದವರಿಗೆ ಬೆಂಗಳೂರಿನ ಸಂಜೆಯೆಂದರೆ ಏನಾಗಿತ್ತು? ನನ್ನ ತಲೆಮಾರಿನವರನ್ನು ಕೇಳಿ, ಒಂದೇ ಉತ್ತರ ಬರುತ್ತದೆ: ಲಾಲ್‌ಬಾಗು, ಕಬ್ಬನ್ ಪಾರ್ಕು, ಭಾನುವಾರ ದೀಪ ಹಾಕಿದ ವಿಧಾನಸೌಧ. 1956ರಲ್ಲಿ ಮುಗಿದ ಆ ಕಟ್ಟಡದ ಮುಂದೆ ಕಡಲೆಕಾಯಿ ತಿನ್ನುತ್ತ ನಿಂತು, ದೀಪ ನೋಡಿ, ಬಸ್ಸು ಹತ್ತುವುದು. ನೋಡುವಂಥದೇ, ಅಲ್ಲವೆನ್ನುವುದಿಲ್ಲ. ಆದರೆ ಹೊರಗೆ ನಿಂತು ಕಟ್ಟಡದ ದೀಪ ನೋಡುವುದಕ್ಕೂ ಒಳಗೆ ಕೂತು ದೀಪ ಆರಿದ ಮೇಲೆ ರಂಗದತ್ತ ನೋಡುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ಆ ಊರಿನಲ್ಲಿ ಮಲಗುವವರದಾಗಿಹೋಯಿತು.

ಇದನ್ನು ಕಂಡುಕೊಂಡವರಲ್ಲಿ ನಮ್ಮ ಕಡೆಯ ಒಬ್ಬರಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಹುಡುಗ. ಬಡತನದಿಂದಾಗಿ ರೈಲಿನ ಚಾರ್ಜಿಗೆ ಕಾಸಿರಲಿಲ್ಲ. ಮುಂದೆ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ, ಕಡೆಯವರೆಗೂ ಹಾಸ್ಟೆಲಿನ ಕೋಣೆಯಲ್ಲೇ ಉಳಿದರು. ವಿಜ್ಞಾನದ ಮೇಷ್ಟ್ರಾದರೂ ವಿದ್ಯಾರ್ಥಿಗಳಿಗೆ ಸಂಗೀತ, ನಾಟಕಗಳ ರುಚಿ ಹತ್ತಿಸಿದವರು. ಜಯನಗರದ ನ್ಯಾಷನಲ್ ಕಾಲೇಜಿನ ಕಲಾಕ್ಷೇತ್ರಕ್ಕೆ ಅವರದೇ ಹೆಸರು. ಅವರ ಜೀವನ ಓದುವಾಗಲೆಲ್ಲ ನನಗೆ ಅನ್ನಿಸುವುದು, ಹಳ್ಳಿಯ ಹುಡುಗನೊಬ್ಬ ಬೆಂಗಳೂರಿನ ಸಂಜೆಯನ್ನು ಪೂರ್ತಿ ಅನುಭವಿಸಲು ಸಾಧ್ಯವಾದದ್ದು ಅವನಿಗೊಂದು ಹಾಸ್ಟೆಲು ಸಿಕ್ಕಿದ್ದರಿಂದ. ಹಳ್ಳಿಯ ಹುಡುಗಿಗೆ ಆ ಕಾಲದಲ್ಲಿ ಅದೆಲ್ಲಿ ಸಿಗಬೇಕು?

ಕಾಲ ಬದಲಾಗಿಲ್ಲವೆಂದಲ್ಲ. 2011ರಲ್ಲಿ ಬೆಂಗಳೂರಿಗೆ ಮೆಟ್ರೋ ಬಂತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಾವು ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಕಾಸಿಲ್ಲದೆ ಓಡಾಡುತ್ತೇವೆ. ಅದೇ ಧೈರ್ಯದಲ್ಲಿ ಮರುವರ್ಷ ಒಂದು ಶನಿವಾರ ಹತ್ತನೇ ತರಗತಿಯ ಹನ್ನೊಂದು ಹುಡುಗಿಯರನ್ನೂ ಇಬ್ಬರು ತಾಯಂದಿರನ್ನೂ ಕರೆದುಕೊಂಡು ನಾಟಕಕ್ಕೆ ಹೋದೆ. ಹಗಲು ಲಾಲ್‌ಬಾಗು ನೋಡಿದೆವು, ಕಟ್ಟಿಕೊಂಡು ಹೋದ ಚಿತ್ರಾನ್ನ ತಿಂದೆವು. ಸಂಜೆ ಏಳೂವರೆಗೆ ನಾಟಕ ಶುರು. ದೀಪ ಆರಿದಾಗ ನನ್ನ ಪಕ್ಕದ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಅವಳು ಟೀವಿಯಲ್ಲಿ ಎಷ್ಟೋ ನೋಡಿದ್ದಾಳೆ. ಎದುರಿಗೇ ಮನುಷ್ಯರು ಉಸಿರಾಡುತ್ತ, ಬೆವರುತ್ತ ನಟಿಸುವುದನ್ನು ನೋಡಿದ್ದು ಅದೇ ಮೊದಲು.

ಎಂಟೂಕಾಲಿಗೆ ನಾನು ಎದ್ದೆ. ಹದಿನಾಲ್ಕು ಜನ ಕತ್ತಲೆಯಲ್ಲಿ ಚಪ್ಪಲಿ ಹುಡುಕಿಕೊಂಡು, ಸಾಲಿನವರ ಕಾಲು ತುಳಿದು, ಬಗ್ಗಿ ಹೊರಗೆ ಬಂದೆವು. ಹಿಂದಿನಿಂದ ಯಾರೋ ಲೊಚಗುಟ್ಟಿದರು. ತಪ್ಪು ನಮ್ಮದೇ. ನಾಟಕದ ಮಧ್ಯೆ ಏಳಬಾರದೆಂದು ಮಕ್ಕಳಿಗೆ ಹೇಳಿಕೊಟ್ಟವಳೂ ನಾನೇ.

ಬಸ್ಸಿನಲ್ಲಿ ಆ ಹುಡುಗಿ ಕೇಳಿದಳು, "ಮಿಸ್, ಆಮೇಲೆ ಏನಾಗುತ್ತೆ?"

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಮೂವತ್ತೆಂಟು ವರ್ಷದ ಹಿಂದೆ ಅದೇ ದಾರಿಯಲ್ಲಿ ಕೇಳಿದ್ದ ಪ್ರಶ್ನೆ. ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಈ ಬಾರಿ ನಾಟಕ ಓದಿದ್ದೆ. ದೇವನಹಳ್ಳಿ ಬರುವತನಕ ಉಳಿದ ಕಥೆಯನ್ನು ಹೇಳಿದೆ. ಮುಂದಿನ ಸೀಟಿನ ಹೆಂಗಸರೂ ತಿರುಗಿ ಕೂತು ಕೇಳಿದರು. ಕಂಡಕ್ಟರು ಟಿಕೆಟ್ಟು ಹರಿಯುವುದನ್ನು ನಿಲ್ಲಿಸಿ, "ಅವನು ಕೊನೆಗೆ ಬಂದನಾ ಮೇಡಂ?" ಎಂದ.

ಕೆಲವು ರಂಗಮಂದಿರಗಳಲ್ಲಿ ವಾರದ ಕೊನೆಗೆ ಮಧ್ಯಾಹ್ನದ ಆಟವೂ ಇರುತ್ತದೆ. ಮುಂದಿನ ಸಲ ನಾನು ಹೋಗುವುದು ಅದಕ್ಕೇ. ನಿಮ್ಮೂರಿನಿಂದ ಮಕ್ಕಳನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗುವುದಿದ್ದರೆ ನೀವೂ ಮೊದಲು ಅದನ್ನು ವಿಚಾರಿಸಿ. ಸಭೆ, ಕಚೇರಿ ಏರ್ಪಡಿಸುವವರಿಗೂ ನನ್ನದೊಂದು ಬೇಡಿಕೆ: ತಿಂಗಳಿಗೊಂದಾದರೂ ಹೊತ್ತು ಮುಳುಗುವ ಮುಂಚೆ ಮುಗಿಸಿ. ನಮ್ಮ ಹಿರಿಯರು ಬಂದವರಿಗಾಗಿ ಇಡೀ ರಾತ್ರಿ ಕುಣಿದಿದ್ದಾರೆ. ಇವರು ಮೂರು ಗಂಟೆ ಮುಂಚೆ ಶುರುಮಾಡಿದರೆ ಸಾಕು.

ಅಮ್ಮ ಈಗ ಹುಳ ಸಾಕುವುದನ್ನು ಬಿಟ್ಟು ವರ್ಷಗಳಾದವು. ಹೋಗಲು ಬಿಡುವಿದೆ, ಮಂಡಿ ಒಪ್ಪುವುದಿಲ್ಲ. ಮೊನ್ನೆ ಮೊಬೈಲಿನಲ್ಲಿ ಹಳೆಯ ಕಚೇರಿಯೊಂದನ್ನು ಹಾಕಿಕೊಟ್ಟೆ. ಮೊದಲಿನಿಂದ ಮಂಗಳದವರೆಗೆ ಎರಡೂವರೆ ಗಂಟೆ ಅಲುಗಾಡದೆ ಕೇಳಿದಳು. ಮುಗಿದ ಮೇಲೆ ಮನೆಮಾತಿನಲ್ಲಿ, "ಅಯಿಪೋಯಿಂದಾ?" ಎಂದಳು. ಹೌದು ಮುಗೀತು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಚೆನ್ನಾಗಿತ್ತು ಕಣೇ. ಆದರೆ ನಡುವೆ ಎರಡು ಸಲ ನಿನ್ನ ಗಡಿಯಾರ ನೋಡಿದೆ."